ಶೆಡ್ಡಿನ ಮೇಲಿನ ಮನೆಯಲ್ಲಿ ನೆಪೋಲಿಯನ್

ನಮ್ಮದು ನಡುಗುವ ಮನೆಯಾಗಿತ್ತು. ಕೆಳಗೆ ಶೆಡ್ಡು, ಮೇಲೆ ನಾವು. ಕೆಳಗೆ ಪವರ್ ಪ್ರೆಸ್ಸು ಬಿದ್ದಾಗಲೆಲ್ಲ ಮೇಲೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು, ದೇವರ ಗೂಡಿನ ದೀಪದ ಎಣ್ಣೆ ಅಲುಗುತ್ತಿತ್ತು. ಊರಿನಿಂದ ಬಂದ ನೆಂಟರು ಮೊದಲ ದಿನ ಭೂಕಂಪವೇ ಆಯಿತೆಂದು ಎದ್ದು ನಿಲ್ಲುತ್ತಿದ್ದರು. ನಮಗೆ ಮಾತ್ರ ಆ ನಡುಕ ನಿಂತರೇ ಹೆದರಿಕೆ. ಭಾನುವಾರ ಶೆಡ್ಡಿಗೆ ರಜೆ. ಪೀಣ್ಯಕ್ಕೆ ಪೀಣ್ಯವೇ ಬಾಯಿ ಮುಚ್ಚಿಕೊಂಡು ಕೂತಿರುತ್ತಿತ್ತು. ವಾರವಿಡೀ ಮನೆಯಲ್ಲಿ ಯಾರು ಯಾರ ಬಗ್ಗೆ ಏನು ಗೊಣಗಿಕೊಂಡರೂ ಪ್ರೆಸ್ಸು ಅದನ್ನು ನುಂಗಿಹಾಕುತ್ತಿತ್ತು. ಭಾನುವಾರ ಹಾಗಲ್ಲ. ಒಂದು ಪಾತ್ರೆಯನ್ನು ಕೊಂಚ ಜೋರಾಗಿ ಇಟ್ಟರೂ ಅದಕ್ಕೊಂದು ಅರ್ಥ ಹುಟ್ಟುತ್ತಿತ್ತು, ಆ ಅರ್ಥಕ್ಕೊಂದು ಉತ್ತರ ಬರುತ್ತಿತ್ತು. ನಮ್ಮ ಮನೆ ಒಡೆದದ್ದು ಹೀಗೆ, ಭಾನುವಾರಕ್ಕೆ ಇಷ್ಟಿಷ್ಟೇ. ನೆಪೋಲಿಯನ್ ನಮ್ಮ ಮನೆಗೆ ಬರುತ್ತಿದ್ದದ್ದೂ ಭಾನುವಾರವೇ.

ಮನೆಯಲ್ಲಿ ಇದ್ದವರು ಕೆಲವೇ ಜನ. ದೊಡ್ಡಪ್ಪ, ಅಪ್ಪ ಇಬ್ಬರೂ ರಾಣೆಬೆನ್ನೂರಿನ ಕಡೆಯಿಂದ ಬಂದು ಲೇತಿನ ಕೆಲಸ ಕಲಿತು, ಆಮೇಲೆ ಸ್ವಂತ ಶೆಡ್ಡು ಹಾಕಿದವರು. ದೊಡ್ಡಪ್ಪ ಕಾಲೇಜಿನಲ್ಲಿ ಇತಿಹಾಸ ಓದಿದ್ದ. ಇತಿಹಾಸ ಅನ್ನ ಹಾಕಲಿಲ್ಲ, ಲೇತು ಹಾಕಿತು. ಆದರೂ ಅವನು ಪ್ರೆಸ್ಸಿಗೆ ಅಚ್ಚಿನ ಡೈ ಕೂರಿಸುವಾಗ ಯಾವುದಾದರೂ ದಂಡಯಾತ್ರೆಯ ಕತೆ ಹೇಳದೆ ಕೆಲಸ ಮಾಡಿದವನಲ್ಲ. ಅಪ್ಪ ಅವನಿಗಿಂತ ಚಿಕ್ಕವನು, ಕೈ ಚುರುಕು, ಮಾತೂ ಚುರುಕು, ಕಣ್ಣಿಗೆ ಬಿದ್ದದ್ದು ತನಗೇ ಬೇಕು ಅನ್ನುವ ಜಾತಿ. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ನಾನು ಹುಟ್ಟಿದ ಮೇಲೆ ಅಮ್ಮನಿಗೆ ಹುಷಾರು ತಪ್ಪಿತಂತೆ, ನನ್ನನ್ನು ದೊಡ್ಡಮ್ಮನೇ ಎತ್ತಿಕೊಂಡಳಂತೆ. ಆಮೇಲೆ ಕೆಳಗಿಳಿಸಲೇ ಇಲ್ಲ. ನಾನು ಅವಳನ್ನು ಅವ್ವ ಅಂತಲೂ ಹೆತ್ತವಳನ್ನು ಅಮ್ಮ ಅಂತಲೂ ಕರೆಯುತ್ತಿದ್ದೆ. ಮಲಗುತ್ತಿದ್ದದ್ದು ಅವ್ವನ ಪಕ್ಕ. ಹೋಮ್‌ವರ್ಕಿಗೆ ಸಹಿ ಹಾಕುತ್ತಿದ್ದವನು ಅಪ್ಪ. ಮನೆ ಒಂದೇ ಆಗಿದ್ದಷ್ಟು ಕಾಲ ನಾನು ಯಾರ ಮಗಳು ಎಂದು ಯಾರೂ ಕೇಳಬೇಕಾದ ಪ್ರಮೇಯ ಬರಲಿಲ್ಲ. ಒಡೆದರೆ ಕೇಳಲೇಬೇಕಾಗುತ್ತದೆ ಎಂದು ನನಗೆ ಬಹಳ ಬೇಗ ಹೊಳೆದಿತ್ತು. ಹೆಣ್ಣುಮಕ್ಕಳಿಗೆ ಇಂಥದ್ದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮ್ಮ ತುಮಕೂರಿನವಳು. ಅವಳ ಒಲೆಯ ಮೇಲೆ ಮುದ್ದೆ, ಅವ್ವನ ಒಲೆಯ ಮೇಲೆ ರೊಟ್ಟಿ. ಒಲೆ ಒಂದೇ, ಉರಿ ಎರಡು ಎನ್ನಬೇಕು. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಅಮ್ಮನಿಗೆ ತಲೆನೋವು ಬರುತ್ತಿತ್ತು, ಅಮ್ಮ ಮುದ್ದೆ ತಿರುವುವ ಕೋಲು ಕಂಡರೆ ಅವ್ವ ಮುಖ ತಿರುಗಿಸುತ್ತಿದ್ದಳು. ನಾನು ಎರಡನ್ನೂ ತಿನ್ನಬೇಕಿತ್ತು. ಒಂದನ್ನು ಬಿಟ್ಟರೆ ಒಬ್ಬಳಿಗೆ ಬೇಜಾರು. ಊಟಕ್ಕಿಂತ ಕಷ್ಟದ್ದು ನನ್ನ ತಲೆಗೂದಲು. ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ಅಮ್ಮ ಬಿಗಿಯಾಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದಳು. ಸಂಜೆ ಬಂದ ಕೂಡಲೇ ಅವ್ವ ಅದನ್ನು ಬಿಚ್ಚಿ, ಎಣ್ಣೆ ತಟ್ಟಿ, ಒಂದೇ ಜಡೆ ಹೆಣೆಯುತ್ತಿದ್ದಳು. ತಮ್ಮ ಹುಟ್ಟುವವರೆಗೆ ಇದು ಹೀಗೇ ನಡೆಯಿತು. ತಮ್ಮ ಹುಟ್ಟಿದ ಮೇಲೆ ಅಮ್ಮ ಗಟ್ಟಿಯಾದಳು. ಒಂದು ಸಂಜೆ ಅವ್ವ ರಿಬ್ಬನ್ನಿಗೆ ಕೈ ಹಾಕಿದಾಗ ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ತಲೆ ಎತ್ತಲಿಲ್ಲ.

"ಬಿಡಿ ಅಕ್ಕ. ನನ್ ಮಗಳು ನಾನ್ ಹಾಕಿರೋ ಜಡೇಲೇ ಇರ್ಲಿ. ಇನ್ಮೇಲೆ ನನ್ ಹತ್ರಾನೇ ಮಲಗ್ತಾಳೆ ಬಿಡಿ."

ಅವ್ವ ಕೈ ತೆಗೆದಳು. ಎಣ್ಣೆ ಬಟ್ಟಲನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ವಾರಗಿತ್ತಿಯರ ಜಗಳದಲ್ಲಿ ಏನಾಗುತ್ತದೆ ಎಂದು ಯಾರೂ ಗಾದೆ ಕಟ್ಟಿಲ್ಲ. ಅಂದಿನಿಂದ ನಾನು ಅಮ್ಮನ ಪಕ್ಕ ಮಲಗಿದೆ. ನಿದ್ದೆ ಬರುತ್ತಿರಲಿಲ್ಲ. ಅವ್ವ ಗೋಡೆಯಾಚೆ ಕೆಮ್ಮುವುದನ್ನು ಕೇಳಿಕೊಂಡು ಬಿದ್ದಿರುತ್ತಿದ್ದೆ.

ಆ ಹೊತ್ತಿಗಾಗಲೇ ಕಂಪ್ಯೂಟರ್ ಬಂದಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ನಮ್ಮ ಶೆಡ್ಡಿನಿಂದ ಸಣ್ಣ ಸಣ್ಣ ಕ್ಲಿಪ್ಪು ಒತ್ತಿ ಕಳಿಸುತ್ತಿದ್ದೆವು. ಅವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುವಾಗ ಒಂದನ್ನು ಅಪ್ಪ ವ್ಯಾನಿನಲ್ಲಿ ಹಾಕಿಕೊಂಡು ಬಂದ, ಡೈಗಳ ಡ್ರಾಯಿಂಗ್ ಮಾಡಲು ಆಗುತ್ತದೆ ಎಂದು. ಅದನ್ನು ಜೋಡಿಸಿಕೊಡಲು ಬಂದ ಹುಡುಗ ಹೋಗುವಾಗ ನಕ್ಕ.

"ಅಣ್ಣ, ಒಂದ್ ಗೇಮ್ ಐತೆ ಇದ್ರಲ್ಲಿ. ಡಿಲೀಟ್ ಮಾಡಿಲ್ಲ, ಇರ್ಲಿ. ನೆಪೋಲಿಯನ್ ಟೈಮಿಂದು ಯುದ್ಧ. ಸಕ್ಕತ್ತಾಗೈತೆ."

ಡ್ರಾಯಿಂಗ್ ಒಂದು ಗೆರೆಯೂ ಆಗಲಿಲ್ಲ. ನೆಪೋಲಿಯನ್ನನ ಹೆಸರು ಕಿವಿಗೆ ಬಿದ್ದದ್ದೇ ದೊಡ್ಡಪ್ಪ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟ. ಪರದೆಯ ತುಂಬ ಯುರೋಪಿನ ಭೂಪಟ, ಅದರಲ್ಲಿ ಬಣ್ಣ ಬಣ್ಣದ ಸೀಮೆಗಳು. ಪ್ರತಿ ಸೀಮೆಗೂ ಕಾಲಾಳು, ಕುದುರೆ, ತೋಪು. ಒಂದು ಸರದಿ ಮುಗಿದರೆ ಒಂದು ತಿಂಗಳು ಕಳೆದಂತೆ. ಚಳಿಗಾಲ ಬಂದರೆ ಪಟ ಬೆಳ್ಳಗಾಗುತ್ತಿತ್ತು, ದಂಡು ನಿಂತಲ್ಲೇ ಕರಗುತ್ತಿತ್ತು. ಇಬ್ಬರು ಎದುರುಬದುರಾಗಿ ಆಡಬಹುದಿತ್ತು, ಆದರೆ ಒಂದೇ ಕಂಪ್ಯೂಟರಿನಲ್ಲಿ. ಒಬ್ಬನು ತನ್ನ ಅಪ್ಪಣೆಗಳನ್ನು ಕೊಡುವಾಗ ಇನ್ನೊಬ್ಬನು ನೋಡಬಾರದು. ದೊಡ್ಡಪ್ಪ ಫ್ರಾನ್ಸ್ ತೆಗೆದುಕೊಂಡ, ಅದರಲ್ಲಿ ಮಾತೇ ಇಲ್ಲ. ಅಪ್ಪ ಪಟದ ಮೇಲೆ ಕಣ್ಣಾಡಿಸಿ ಬಲಗಡೆಯ ತುದಿಗೆ ಬೆರಳಿಟ್ಟ.

"ಇದು ಯಾರ್ದು, ಇಷ್ಟು ದೊಡ್ಡದು? ರಷ್ಯಾನ? ನನಗ ಇದ ಇರಲಿ."

ಇಬ್ಬರಿಗೂ ಮೌಸ್ ಹಿಡಿಯಲು ಬರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹೇಳುವ ಕೈಗಳು ಆ ಸಣ್ಣ ಡಬ್ಬಿಯನ್ನು ಹಿಡಿದರೆ ಬಾಣದ ಗುರುತು ಪರದೆಯಿಂದಾಚೆಗೆ ಓಡಿಹೋಗುತ್ತಿತ್ತು. ಇಂಗ್ಲಿಷೂ ಅಷ್ಟಕ್ಕಷ್ಟೇ. ನಾನು ಕಾನ್ವೆಂಟಿನವಳು, ಸ್ಕೂಲಿನಲ್ಲಿ ಕಂಪ್ಯೂಟರ್ ಪೀರಿಯಡ್ ಇತ್ತು. ಹಾಗಾಗಿ ಫ್ರಾನ್ಸಿಗೂ ನಾನೇ, ರಷ್ಯಾಕ್ಕೂ ನಾನೇ. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿರುವಾಗ ದೊಡ್ಡಪ್ಪ ಹೇಳಿದಂತೆ ಒತ್ತುತ್ತಿದ್ದೆ, ದೊಡ್ಡಪ್ಪ ಹೊರಗೆ ಹೋದ ಮೇಲೆ ಅಪ್ಪ ಹೇಳಿದಂತೆ. ಯಾರ ದಂಡು ಎಲ್ಲಿಗೆ ಹೊರಟಿದೆ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಜಂಬ ಎಷ್ಟಿತ್ತೆಂದರೆ ಒಂದೆರಡು ವಾರ ನೆಲದ ಮೇಲೆ ಕಾಲೂರಲಿಲ್ಲ. ಮೊದಲ ಭಾನುವಾರವೇ ದೊಡ್ಡಪ್ಪ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು ಮುಂದೆ ಹಿಡಿದಿದ್ದ.

"ಇಬತ್ತಿ ಮುಟ್ಟು ಕೂಸ. ನನ್ನ ಮಾತು ಅವಗ ಹೇಳಂಗಿಲ್ಲ, ಅವನ ಮಾತು ನನಗ ಹೇಳಂಗಿಲ್ಲ."

ನಾನು ಮುಟ್ಟಿದೆ. ಅಡುಗೆಮನೆಯಿಂದ ಅವ್ವ ನೋಡುತ್ತಿದ್ದಳು. ಅವಳಿಗೆ ಇದು ಸರಿ ಕಾಣಲಿಲ್ಲ. ಆಟಕ್ಕೆ ಇಬತ್ತಿ ಮುಟ್ಟಿಸುತ್ತಾರೇನು ಎಂದು ಗಂಡನನ್ನು ಗದರಿದಳು. ಅಣ್ಣ ತಮ್ಮ ಎದುರಾಬದುರಾ ಕೂತು ಪಗಡೆ ಆಡಬಾರದು, ಆಡಿದ ಮನೆ ಉದ್ಧಾರ ಆಗುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದರಂತೆ. ದೊಡ್ಡಪ್ಪ ನಕ್ಕುಬಿಟ್ಟ. ಇದು ಪಗಡೆ ಅಲ್ಲ, ಇತಿಹಾಸ ಎಂದ.

ಒಂದಂತೂ ನಿಜ, ಒಬ್ಬ ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನ ದಂಡಿಗೆ ಮೌಸ್ ಹಿಡಿಯಬೇಕು. ಅಪ್ಪ ಎಲ್ಲಿ ಜಾಗ ಖಾಲಿ ಕಂಡರೂ ನುಗ್ಗುತ್ತಿದ್ದ. ಕಾವಲಿಲ್ಲದ ಸೀಮೆ ಕಂಡರೆ ಅವನ ದನಿಯೇ ಬದಲಾಗುತ್ತಿತ್ತು. 'ತಗೋ, ತಗೋ, ಅದನ್ನೂ ತಗೋ' ಎಂದು ಬೆನ್ನ ಹಿಂದೆ ನಿಂತು ತಟ್ಟುತ್ತಿದ್ದ. ಹಿಂದೆ ಬುತ್ತಿ ಸಾಗಿಸಲು ದಾರಿ ಇದೆಯೇ, ಅಲ್ಲಿ ದಂಡು ಉಣ್ಣುವುದೇನು, ಇದಾವುದೂ ಅವನಿಗೆ ಬೇಕಿಲ್ಲ. ದೊಡ್ಡಪ್ಪ ಹಾಗಲ್ಲ. ಪರದೆಯ ಮುಂದೆ ಕೈಕಟ್ಟಿ ಕೂತು, ಬಹಳ ಹೊತ್ತು ಏನೂ ಹೇಳದೆ, ಕೊನೆಗೆ ಎರಡೇ ಅಪ್ಪಣೆ ಕೊಡುತ್ತಿದ್ದ. ಯುದ್ಧಕ್ಕಿಂತ ಅವನಿಗೆ ಒಪ್ಪಂದ ಇಷ್ಟ. ಆಟದಲ್ಲಿ ಒಪ್ಪಂದಕ್ಕೇ ಒಂದು ಪುಟವಿತ್ತು. ಎಡಗಡೆ ನಾವು ಕೊಡುವುದು, ಬಲಗಡೆ ನಮಗೆ ಬೇಕಾದದ್ದು. ಕಳಿಸಿದರೆ ಎದುರಿನವನು ಒಪ್ಪಬಹುದು, ಬಿಡಬಹುದು. ಒಂದು ಭಾನುವಾರ ಅವನಿಗೆ ಆಲ್ಪ್ಸ್ ಬುಡದ ಒಂದು ಅಂಗೈಯಗಲದ ಸೀಮೆ ಬೇಕಾಯಿತು. ಅಪ್ಪ ಅದನ್ನು ಎಂದೋ ದಾರಿಯಲ್ಲಿ ಸಿಕ್ಕಿತೆಂದು ಹಿಡಿದು ಮರೆತುಬಿಟ್ಟಿದ್ದ. ದೊಡ್ಡಪ್ಪ ಅದೊಂದನ್ನೇ ಕೇಳುವ ಬದಲು, ಬಲಗಡೆಗೆ ಅದನ್ನು ಸುಮ್ಮನೆ ಸೇರಿಸಿ, ಪೋಲೆಂಡಿನ ಕಡೆಯ ದೊಡ್ಡ ಬಯಲನ್ನೇ ಎಡಗಡೆಗೆ ಹಾಕಲು ಹೇಳಿದ. ನಾನು ತಿರುಗಿ ಅವನ ಮುಖ ನೋಡಿದೆ. ಇಷ್ಟು ದೊಡ್ಡದನ್ನು ಕೊಟ್ಟುಬಿಡುವುದೇ ಎಂದು ಕೇಳಿದೆ.

"ನೋಡು ಕೂಸ, ನಿನಗ ಬೇಕಾಗಿದ್ದು ಸಣ್ಣದಿದ್ರ ಅದನ್ನ ಎತ್ತಿ ತೋರಿಸಬ್ಯಾಡ. ಅದರ ಆಜೂಬಾಜೂ ದೊಡ್ಡದೊಂದು ಇಡು. ಎದುರಿನವ ದೊಡ್ಡದರ ಕಡೆ ನೋಡ್ತಾನ. ಸಣ್ಣದು ತಾನ ಕೈಬಿಡ್ತಾನ. ಆಮ್ಯಾಲ ಅವಗ ಗೆದ್ದೆ ಅಂತ ಸಂತೋಷ, ನಿನಗ ನಿನ್ನ ಸೀಮಿ."

ಅಪ್ಪ ಒಳಗೆ ಬಂದ, ಒಪ್ಪಂದ ನೋಡಿದ, ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಹೊಟ್ಟೆತುಂಬ ನಕ್ಕು ಒಪ್ಪಿಕೊಂಡ. ಒಪ್ಪಿಗೆಯ ಗುಂಡಿಯನ್ನು ಒತ್ತಿದವಳು ನಾನು. ಆ ಸಣ್ಣ ಸೀಮೆಯಿಂದ ದೊಡ್ಡಪ್ಪನ ದಂಡು ಮುಂದಿನ ತಿಂಗಳುಗಳಲ್ಲಿ ಎಲ್ಲೆಲ್ಲಿಗೆ ಇಳಿಯಿತು ಎಂದು ಹೇಳುತ್ತ ಕೂತರೆ ಸಂಜೆಯಾಗುತ್ತದೆ. ನನಗೆ ಅಂದು ಮೊದಲ ಸಲ ದೊಡ್ಡಪ್ಪನ ಮೇಲೆ ಭಯ ಹುಟ್ಟಿತು. ಪ್ರೀತಿ ಕಡಿಮೆಯಾಗಲಿಲ್ಲ, ಭಯ ಅದರ ಪಕ್ಕದಲ್ಲೇ ಬಂದು ಕೂತಿತು.

ನಗರದ ಇನ್ನೊಂದು ತುದಿಯ ಜಿಗಣಿಯ ಮಾತು ಬಂದದ್ದು ಆ ದಿನಗಳಲ್ಲೇ. ನಮ್ಮ ದೊಡ್ಡ ಗಿರಾಕಿ ಆ ಕಡೆಗೆ ಹೋದ. ಅವನ ಹಿಂದೆಯೇ ನಾವೂ ಹೋಗಬೇಕು, ಅಲ್ಲಿ ಜಾಗವೂ ಸಿಕ್ಕಿದೆ ಎಂದು ದೊಡ್ಡಪ್ಪ. ಪೀಣ್ಯ ಬಿಟ್ಟರೆ ನಮ್ಮನ್ನು ಕೇಳುವವರು ಯಾರು, ಇಲ್ಲೇ ಇನ್ನೊಂದು ಪ್ರೆಸ್ಸು ಕೂರಿಸೋಣ ಎಂದು ಅಪ್ಪ. ಇದು ಜಗಳವೇ ಅಲ್ಲ ಎಂಬಂತೆ ಇಬ್ಬರೂ ತಣ್ಣಗೆ ಮಾತಾಡುತ್ತಿದ್ದರು. ಜಗಳವೆಲ್ಲ ಅಡುಗೆಮನೆಗೆ ಬಂತು. ಅವ್ವ ರೊಟ್ಟಿಯ ಡಬ್ಬಿಯನ್ನು ಬೇರೆ ಇಟ್ಟಳು. ಅಮ್ಮ ಕುಡಿಯುವ ನೀರಿಗೆ ಬೇರೆ ಬಿಂದಿಗೆ ತಂದಳು. ದೀಪ ಹಚ್ಚುವುದನ್ನು ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟು ಎಷ್ಟೋ ಸಂಜೆ ಗೂಡು ಕತ್ತಲಾಗಿಯೇ ಉಳಿಯಿತು. ಕೆಳಗೆ ಕೆಲಸದವರೂ ಎರಡಾದರು. ಹೆಲ್ಪರ್ ಮುನಿರಾಜು ಊಟದ ಡಬ್ಬಿ ತೆಗೆದುಕೊಂಡು ಹೋಗಲು ಮೇಲೆ ಬಂದವನು ಅವ್ವನ ಮುಂದೆ ತಲೆ ಕೆರೆದುಕೊಂಡ.

"ಅಕ್ಕ, ದೊಡ್ಡೋರು ಇಂಗೆ ಮಾಡು ಅಂತಾರೆ, ಚಿಕ್ಕೋರು ಅಂಗೆ ಬ್ಯಾಡ ಅಂತಾರೆ. ನಾವ್ ಯಾರ್ ಮಾತ್ ಕೇಳದು?"

ಅವ್ವ ಡಬ್ಬಿ ಕೊಟ್ಟು ಕಳಿಸಿದಳು. ಮುಂದಿನ ಭಾನುವಾರ ಆಟ ಶುರುವಾಗುವ ಮೊದಲು ಅವಳು ತಲೆಯ ಮೇಲೆ ಸೆರಗು ಹೊದ್ದು ಅಪ್ಪನ ಮುಂದೆ ಬಂದು ನಿಂತಳು. ನಾನು ಬಾಗಿಲ ಹಿಂದೆ ಇದ್ದೆ. ಪ್ರೆಸ್ಸಿಲ್ಲದ ದಿನ, ಒಂದು ಉಸಿರೂ ತಪ್ಪದಂತೆ ಕೇಳಿಸುತ್ತಿತ್ತು.

"ತಮ್ಮಾ, ನಾವು ಹೋಗೂದು ಖರೆ ಆದ್ರ ಕೂಸನ್ನ ನನಗ ಬಿಡು. ನಿನಗ ಮಗ ಅದಾನ."

ಅಪ್ಪನ ದನಿ ನನಗೆ ಪರಿಚಯವಿಲ್ಲದಷ್ಟು ಮೆತ್ತಗೆ ಬಂತು.

"ವೈನಿ, ಮಗಳು ಏನು ಕೊಡೂ ಸಾಮಾನೇನು? ಅಕಿ ನನ್ನ ಜೀವ. ಇನ್ನೊಮ್ಮೆ ಕೇಳಬ್ಯಾಡ್ರಿ."

ಅವ್ವ ತಿರುಗಿ ಹೋದಳು. ನಾನು ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತೆ. ಅವ್ವನನ್ನು ಬಿಟ್ಟು ಬದುಕುವುದು ನನ್ನ ಕೈಲಿ ಆಗುವ ಮಾತಾಗಿರಲಿಲ್ಲ. ಆದರೆ ಅಪ್ಪ ನನ್ನನ್ನು ಜೀವ ಅಂದಿದ್ದ. ಅವನು ಹೊಗಳುವ ಮನುಷ್ಯನಲ್ಲ, ನಾನು ಕ್ಲಾಸಿಗೆ ಮೊದಲು ಬಂದರೂ 'ಹ್ಞೂಂ' ಅನ್ನುತ್ತಿದ್ದವನು. ಆ ಒಂದು ಮಾತನ್ನು ಎಷ್ಟು ದಿನ ಬಾಯೊಳಗಿನ ಕಲ್ಲುಸಕ್ಕರೆಯಂತೆ ಚೀಪಿದೆನೋ. ಹಾಗೆ ಚೀಪುವಾಗಲೇ ಅವ್ವನ ನೆನಪಾಗಿ ಅಳು ಬರುತ್ತಿತ್ತು. ಎರಡೂ ನಿಜ. ಮಕ್ಕಳಿಗೆ ಎರಡು ನಿಜ ಒಟ್ಟಿಗೆ ಇರುವುದಿಲ್ಲ ಅನ್ನುವವರು ಇಂಥ ಮನೆಯಲ್ಲಿ ಬೆಳೆದವರಲ್ಲ.

ಆಮೇಲಿನ ಆಟಗಳು ಆಟವಾಗಿ ಉಳಿಯಲಿಲ್ಲ. ದೊಡ್ಡಪ್ಪ, ಎಷ್ಟು ಓದಿದ್ದರೂ, ಎಲ್ಲರೂ ಮಾಡುವ ತಪ್ಪನ್ನೇ ಮಾಡಿ ರಷ್ಯಾದೊಳಕ್ಕೆ ನುಗ್ಗಿದ. ಅಪ್ಪ ಕಾದಾಡಲೇ ಇಲ್ಲ, ಹಿಂದೆ ಹಿಂದೆ ಸರಿದ. ಅವನಿಗೆ ಅದು ಯಾರು ಹೇಳಿಕೊಟ್ಟರೋ ತಿಳಿಯದು, ಬಹುಶಃ ದೊಡ್ಡಪ್ಪನೇ ಎಂದೋ ಶೆಡ್ಡಿನಲ್ಲಿ ಹೇಳಿದ ಕತೆ ನೆನಪಿತ್ತೇನೋ. ಪಟ ಬೆಳ್ಳಗಾಯಿತು. ಸರದಿಗೊಮ್ಮೆ ದಂಡಿನ ಲೆಕ್ಕ ಓದುವವಳು ನಾನು. ಓದುವಾಗ ದನಿ ಸಣ್ಣದಾಗುತ್ತಿತ್ತು. ಕುದುರೆಗಳು ಮೊದಲು ಹೋದವು, ಆಮೇಲೆ ತೋಪು ಎಳೆಯುವವರು. ದೊಡ್ಡಪ್ಪ ಒಪ್ಪಂದದ ಪುಟ ತೆಗೆಸಿದ. ಪಡೆದದ್ದನ್ನೆಲ್ಲ ಹಿಂದಿರುಗಿಸುತ್ತೇನೆ, ದಾರಿ ಬಿಡು ಎಂದು ಕಳಿಸಿದ. ಅಪ್ಪ ಬಂದು ನೋಡಿ ತಲೆಯಾಡಿಸಿದ. ಇನ್ನೊಂದು ಕಳಿಸಿದ, ಅದಕ್ಕೂ ಇಲ್ಲ. ಮೂರನೆಯದಕ್ಕೆ ಅಪ್ಪ ಒಳಗೆ ಬರಲೂ ಇಲ್ಲ, ಮೆಟ್ಟಿಲಿಂದಲೇ ಕೂಗಿ ಹೇಳಿದ.

"ಬ್ಯಾಡ ಅನ್ನು. ಅಲ್ಲೇ ಸಾಯಲಿ."

ಆಟದ ಮಾತೇ ಅದು. ಆದರೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತೊಟ್ಟಿಲು ತೂಗುತ್ತಿದ್ದ ಅಮ್ಮ ಕೂಡ ಹಗ್ಗ ಬಿಟ್ಟಳು. ದೊಡ್ಡಪ್ಪ ಎದ್ದು ಗೋಡೆಯ ಸ್ವಿಚ್ ಒತ್ತಿ ಕಂಪ್ಯೂಟರನ್ನು ಆರಿಸಿದ. ಹಾಗೆ ಆರಿಸಬಾರದು ಎಂದು ಅವನಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ನನ್ನ ತಲೆ ಸವರಿ, ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿದುಹೋದ. ಮರುದಿನ ರಾಣೆಬೆನ್ನೂರಿಗೆ ಫೋನ್ ಮಾಡಿ, ಪಾಲು ಮಾಡಿಕೊಡಲು ಅಕ್ಕನನ್ನು ಕರೆಸಿದ.

ನನಗೆ ಅತ್ತೆಯಾದ ಅವಳು ಈ ಇಬ್ಬರಿಗೂ ಹಿರಿಯಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಮ್ಮಂದಿರನ್ನು ಬೆಳೆಸಿ, ಊರಿನ ನಾಲ್ಕು ಮನೆಗಳ ಪಾಲು ಮಾಡಿಸಿದ ಗಟ್ಟಿಗಿತ್ತಿ. ಅವಳು ಬಂದವಳೇ ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಅಮ್ಮನ ಮುದ್ದೆಯನ್ನೂ ಅವ್ವನ ರೊಟ್ಟಿಯನ್ನೂ ಸಮನಾಗಿ ಉಂಡಳು. ಒಡೆಯುವ ಮನೆಗೆ ಬಂದವರ ಊಟ ಅದು. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತು, ಪದ್ಧತಿ ಏನೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹಿರಿಯಾವ ಹಂಚಬೇಕು, ಕಿರಿಯಾವ ಆರಿಸಬೇಕು. ನಮ್ಮಪ್ಪನ ಕಾಲದಿಂದ ಹಿಂಗ. ಆರಿಸಿದ ಮ್ಯಾಲ ಒಬ್ಬರೂ ಬಾಯಿ ತೆರೆಯಂಗಿಲ್ಲ."

ಎಂಥ ಜಾಣ ಪದ್ಧತಿ ನೋಡಿ. ಮೊದಲು ಆರಿಸುವವನು ಕಿರಿಯ, ಉಳಿದದ್ದು ಹಿರಿಯನಿಗೆ. ಹಾಗಾಗಿ ಹಿರಿಯ ಒಂದು ಕಡೆ ತೂಕ ಹೆಚ್ಚು ಮಾಡಿದರೆ ತನಗೇ ನಷ್ಟ. ಎಷ್ಟೋ ಮನೆಗಳು ಈ ಒಂದು ಮಾತಿನಿಂದ ಕೋರ್ಟು ಮೆಟ್ಟಿಲು ಹತ್ತದೆ ಉಳಿದಿವೆ. ಆದರೆ ಆರಿಸುವವನು ಏನನ್ನು ಆರಿಸುತ್ತಾನೆ ಎಂದು ಹಂಚುವವನಿಗೆ ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂದು ಈ ಪದ್ಧತಿ ಮಾಡಿದವರು ಯೋಚಿಸಿರಲಿಲ್ಲ.

ಅತ್ತೆ ಎರಡು ಹಿತ್ತಾಳೆ ತಟ್ಟೆ ತರಿಸಿದಳು. ಎರಡರಲ್ಲೂ ಎಲೆ ಅಡಿಕೆ, ಚಿಟಿಕೆ ವಿಭೂತಿ. ಅಪ್ಪ ಗೋಡೆಗೊರಗಿ ಕೂತಿದ್ದ. ಅಮ್ಮ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ, ಅವ್ವ ದೇವರ ಗೂಡಿನ ಪಕ್ಕದಲ್ಲಿ. ದೊಡ್ಡಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ. ಒಂದು ತಟ್ಟೆಯಲ್ಲಿ ಶೆಡ್ಡಿನ ಕೀಲಿಕೈ ಇಟ್ಟ. ಈ ಮನೆ, ಕೆಳಗಿನ ಶೆಡ್ಡು, ಪ್ರೆಸ್ಸು, ಎಲ್ಲ ಲೇತು, ವ್ಯಾನು, ಇಷ್ಟೂ ದಿನದ ಗಿರಾಕಿಗಳು, ಎಲ್ಲ ಇದರಲ್ಲಿ ಎಂದ. ಅಪ್ಪನ ಬೆನ್ನು ಗೋಡೆಯಿಂದ ಎದ್ದಿತು. ಅಮ್ಮನ ಕಣ್ಣೂ ಅರಳಿದ್ದನ್ನು ನಾನು ಕಂಡೆ, ಅವಳನ್ನು ದೂರುವುದಿಲ್ಲ. ಎರಡನೆಯ ತಟ್ಟೆಯಲ್ಲಿ ಜಿಗಣಿಯ ಜಾಗದ ಗೇಟಿನ ಸಣ್ಣ ಕೀಲಿಕೈ ಇಟ್ಟ. ಅಲ್ಲಿ ಆಗ ಕಾಂಪೌಂಡು ಬಿಟ್ಟರೆ ಒಂದು ಶೀಟಿನ ಕೋಣೆ, ಸುತ್ತ ಮುಳ್ಳುಗಿಡ. ಇಟ್ಟು, ನನ್ನ ಕಡೆ ತಿರುಗಿದ.

"ಬಾ ಕೂಸ. ಇಲ್ಲಿ ಬಾ."

ಕಂಪ್ಯೂಟರಿನ ಮುಂದೆ ಕರೆಯುತ್ತಿದ್ದ ದನಿಯೇ ಅದು. ನಾನು ಏನೋ ಓದಿ ಹೇಳಲಿಕ್ಕಿರಬೇಕು ಎಂದುಕೊಂಡು ಎದ್ದುಹೋದೆ. ಅವನು ನನ್ನ ಎರಡೂ ಭುಜ ಹಿಡಿದು ಎರಡನೆಯ ತಟ್ಟೆಯ ಪಕ್ಕದಲ್ಲಿ ಕೂರಿಸಿದ.

"ಇದು ಇನ್ನೊಂದು ಪಾಲು."

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಮೊದಲು ಅರ್ಥವಾದದ್ದು ಅಮ್ಮನಿಗೆ. ಅವಳು ಬಾಗಿಲಿನಿಂದ ಈಚೆಗೆ ಬಂದಳು.

"ಇದೇನತ್ತಿಗೆ, ಮಗೂನ ಪಾಲಿಗ್ ಹಾಕ್ತಾರಾ? ಹೆತ್ತೋಳು ನಾನಿಲ್ವಾ?"

ಅತ್ತೆಯ ಮುಖವೂ ಬಿಳಚಿಕೊಂಡಿತ್ತು. ಅವಳು ಮಾಡಿಸಿದ ಪಾಲುಗಳಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಆದರೆ ಪದ್ಧತಿ ಹೇಳಿದ ಬಾಯಿ ಅವಳದೇ.

"ಹಿರಿಯಾವ ಹಂಚ್ಯಾನವ್ವಾ. ನಿನ್ನ ಗಂಡ ಮಗಳನ್ನ ಆರಿಸಿದ್ರ ಮಗಳು ನಿಂದು. ಯಾರು ಬ್ಯಾಡ ಅಂತಾರ?"

ಅಮ್ಮ ಅಪ್ಪನ ಕಡೆ ನೋಡಿದಳು. ಎಲ್ಲರೂ ನೋಡಿದರು. ಎಷ್ಟು ಸುಲಭ, ಅವನು ಕೈ ಚಾಚಿ ನನ್ನ ತಟ್ಟೆ ಮುಟ್ಟಿದರೆ ಆಯಿತು. ಮುಟ್ಟಿದರೆ ನಾನು ಅವ್ವನನ್ನು ಕಳೆದುಕೊಳ್ಳುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ದೇವರ ಗೂಡಿನ ಪಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಅವಳ ತುಟಿ ಅಲುಗುತ್ತಿತ್ತು. ನನಗೆ ಅವ್ವನ ಜೊತೆ ಹೋಗಬೇಕಿತ್ತು. ಆದರೂ ಅಪ್ಪ ನನ್ನನ್ನೇ ಆರಿಸಬೇಕಿತ್ತು. ಇದನ್ನು ಹೇಗೆ ವಿವರಿಸಲಿ, ಕೂದಲಿಗೆ ಬಣ್ಣ ಹಚ್ಚುವ ವಯಸ್ಸಾದರೂ ನನಗೆ ಗೊತ್ತಾಗಿಲ್ಲ. ಬೇಕಾದದ್ದು ಸಿಗುವುದು ಬೇರೆ, ಬೇಕಾದವರಿಗೆ ನಾವು ಬೇಕಾಗುವುದು ಬೇರೆ.

ಅಪ್ಪ ಶೆಡ್ಡಿನ ಕೀಲಿಕೈ ನೋಡುತ್ತಿದ್ದ. ಅವನ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು. ಕಾವಲಿಲ್ಲದ ಸೀಮೆ ಕಂಡಾಗ ಬೆನ್ನ ಹಿಂದೆ ನಿಂತು ಅವನು ಹೀಗೇ ಉಜ್ಜುತ್ತಿದ್ದ, ಆ ಸದ್ದು ನನ್ನ ಕಿವಿಗೆ ರೂಢಿ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಪಾಪ, ಅವನಿಗೆ ತಿಳಿದಿಲ್ಲ, ಹಿಂದೆ ಒಪ್ಪಂದ ನೋಡಿ ನಕ್ಕ ಹಾಗೆಯೇ ಈಗಲೂ ಮೋಸ ಹೋಗುತ್ತಿದ್ದಾನೆ, ಹೇಳಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ ಎಂದು ನಾನು ನಂಬಿದ್ದೆ. ಒಬ್ಬರ ಉಪಾಯವನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಆಣೆ ಇಟ್ಟಿದ್ದವಳು ನಾನು. ಆಣೆ ಹಾಳಾಗಿ ಹೋಗಲಿ ಅನ್ನಿಸಿತು. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರೂ ನಾನು ಮಾತಾಡಿದೆ.

"ಅಪ್ಪಾ, ಅದನ್ನ ತಗೋಬೇಡ. ಅದು ದೊಡ್ಡಪ್ಪನ ಉಪಾಯ. ದೊಡ್ಡದು ತೋರಿಸಿ ನನ್ನನ್ನ ತಗೊಳ್ಳೋದಕ್ಕೆ ಹಾಗೆ ಇಟ್ಟಿದ್ದಾರೆ."

ದೊಡ್ಡಪ್ಪ ನನ್ನನ್ನು ಗದರಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ.

"ಗೊತ್ತವ್ವಾ," ಎಂದ.

ಕೈ ಚಾಚಿ ಶೆಡ್ಡಿನ ಕೀಲಿಕೈ ತೆಗೆದುಕೊಂಡ. ಅಮ್ಮ ಒಳಗೆ ಹೋದಳು. ಅವ್ವ ಬಂದು ನನ್ನ ಹಿಂದೆ ಕೂತು, ಎರಡೂ ಕೈಯಿಂದ ನನ್ನನ್ನು ಬಳಸಿಕೊಂಡು, ತಲೆಯ ಮೇಲೆ ಗಲ್ಲವಿಟ್ಟು ಸದ್ದಿಲ್ಲದೆ ಅತ್ತಳು. ನಾನು ಅವಳಿಗೆ ಒರಗಿಕೊಂಡೆ, ಅವಳ ಮೈ ಬೆಚ್ಚಗಿತ್ತು. ಅಪ್ಪ ಕೀಲಿಕೈಯನ್ನು ಅಂಗಿಯ ಜೇಬಿಗೆ ಹಾಕಿದ, ಬೀಳದ ಹಾಗೆ ಜೇಬಿನ ಗುಂಡಿ ಹಾಕಿಕೊಂಡ.